ಹರಳೆಣ್ಣೆ ಕುಡಿದ ಜೀಪು

ನಮ್ಮ ಚಂದ್ರಾ ಲೇಔಟಿನಲ್ಲಿ, ಬೆಳಗಾದರೆ ಇಡ್ಲಿಗೆ ಜನ ಮುತ್ತಿಕೊಳ್ಳುವ ದರ್ಶಿನಿಯ ಪಕ್ಕದಲ್ಲೇ ಈಚೆಗೆ ಒಂದು ಗಾಣದೆಣ್ಣೆ ಅಂಗಡಿ ಬಂದಿದೆ. ಎತ್ತಿಲ್ಲದ ಗಾಣ, ಮೋಟಾರು ತಿರುಗಿಸುತ್ತದೆ. ಹೆಂಡತಿ ಕೊಬ್ಬರಿ ಎಣ್ಣೆ ತಾ ಎಂದು ಕಳಿಸಿದ್ದಳು. ಮೆಟ್ಟಿಲು ಹತ್ತುವಷ್ಟರಲ್ಲೇ ಹರಳೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ನನ್ನ ವಯಸ್ಸಿನವರಿಗೆಲ್ಲ ಹರಳೆಣ್ಣೆ ಎಂದರೆ ಭಾನುವಾರದ ಎಣ್ಣೆ ಸ್ನಾನ, ಕಣ್ಣಿಗೆ ಹೋದ ಸೀಗೆಕಾಯಿ, ಅಜ್ಜಿಯ ಗಟ್ಟಿ ಕೈ ನೆನಪಾಗುತ್ತದಂತೆ. ನನಗೆ ಮಾತ್ರ ಬ್ರೇಕ್ ನೆನಪಾಗುತ್ತದೆ. ಬಲಗಾಲು ತಾನಾಗಿಯೇ ಅಂಗಡಿಯ ನೆಲವನ್ನು ಒತ್ತಿ ಹಿಡಿಯಿತು. ಗಲ್ಲಾದಲ್ಲಿ ಕೂತಿದ್ದಾಕೆ "ಏನ್ ಬೇಕಿತ್ತು ಸಾರ್?" ಎಂದು ಇನ್ನೊಂದು ಸಲ ಕೇಳಬೇಕಾಯಿತು.

ಕೆಲವು ವರ್ಷದ ಹಿಂದಿನ ಮಳೆಗಾಲ ಅದು. ನನ್ನ ಸೋದರತ್ತೆ ನಂಜಮ್ಮನವರ ಮನೆ ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಲ್ಲಿ. ರಾಗಿ ಬೆಳೆಯುತ್ತಿದ್ದ ಹೊಲಗಳು ಸೈಟುಗಳಾಗಿ, ಸೈಟುಗಳು ಮೂರಂತಸ್ತಿನ ಬಾಡಿಗೆ ಮನೆಗಳಾಗಿ, ಕಡೆಗೆ ಇವರ ಮನೆಯ ಮುಂದಿನ ಅಂಗಳವೊಂದೇ ಮಣ್ಣಿನ ನೆಲ ಎಂದು ಹೇಳಿಕೊಳ್ಳಲು ಉಳಿದಿತ್ತು. ಆ ಅಂಗಳದ ಹೊಂಗೆ ಮರದ ಕೆಳಗೆ ಮಾವನ ಜೀಪು ನಿಂತಿತ್ತು. ಮಾವ ಎಂದರೆ ಅತ್ತೆಯ ಗಂಡ ಕೆಂಪಣ್ಣ. ಊರಿನವರ ಬಾಯಲ್ಲಿ ಜೀಪ್ ಕೆಂಪಣ್ಣ.

ಒಂದು ಕಾಲದಲ್ಲಿ ಆ ಜೀಪು ಹೋಗದ ಜಾಗವಿರಲಿಲ್ಲ. ಕೆರೆಯಂಗಳದ ಕೆಸರಿನಲ್ಲಿ ಹೂತ ಟ್ರ್ಯಾಕ್ಟರುಗಳನ್ನು ಎಳೆದು ತರುತ್ತಿತ್ತು. ರಾಗಿ ಮೂಟೆ, ಮದುವೆ ಹೆಣ್ಣು, ಹೆರಿಗೆ ನೋವು ಬಂದವರು, ಎಲ್ಲರೂ ಅದರಲ್ಲೇ ಹೋಗಬೇಕು. ನಾನು ಗಾಡಿ ಓಡಿಸಲು ಕಲಿತದ್ದೂ ಅದರಲ್ಲೇ, ಕೊಯ್ಲಾದ ಹೊಲದಲ್ಲಿ. ಮಾವ ಎಡಗಡೆಯ ಸೀಟಿನಲ್ಲಿ ಕಾಲು ಮೇಲೆ ಕಾಲು ಹಾಕಿ ಕೂರುತ್ತಿದ್ದರು. ಪಾಠವೆಂದರೆ ಒಂದೇ ಒಂದು ಮಾತು. ಬದು ಹತ್ತಿರ ಬಂದು ನಾನು ತಬ್ಬಿಬ್ಬಾದಾಗಲೆಲ್ಲ "ಗೇರಿಳ್ಸೋ, ಮುಂಡೇದೇ!" ಎನ್ನುತ್ತಿದ್ದರು. ಆಮೇಲೆ ನಾನು ವಿಜಯನಗರದ ಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರಾದೆ. ಮಕ್ಕಳಿಗೆ ಕವಾಯತು ಹೇಳಿಕೊಡುವಾಗ ಎಷ್ಟು ಸಲ ಆ ಬೈಗುಳ ನಾಲಗೆಯ ತುದಿಗೆ ಬಂದು, ಅದನ್ನು ನುಂಗಿಕೊಂಡು ಸೀಟಿ ಊದಿದ್ದೇನೋ!

ಮನೆಗೆ ಕಾರು ಬಂದ ಮೇಲೆ ಜೀಪು ಮರದ ಕೆಳಗೆ ನಿಂತದ್ದು ನಿಂತೇಬಿಟ್ಟಿತು. ಹಾಗಂತ ಅದನ್ನು ಮರೆತರೆಂದಲ್ಲ. ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಪೈಪ್ ಹಿಡಿದು ಚಕ್ರದ ಸಂದುಗೊಂದಿಗೆಲ್ಲ ನೀರು ಬಿಟ್ಟು ತೊಳೆಯುತ್ತಿದ್ದರು. ಸೇವಂತಿಗೆ ಹಾರ, ಬಾನೆಟ್ಟಿಗೆ ವಿಭೂತಿ ಪಟ್ಟೆ. ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣಿಟ್ಟು, ಮನೆಮಂದಿಯೆಲ್ಲ ಹಿಂದಿನಿಂದ ದಬ್ಬಿ, ಹಣ್ಣು ಪಚಕ್ಕೆಂದ ಮೇಲೆ ಮತ್ತೆ ಹಿಂದಕ್ಕೆಳೆದು, ಒದ್ದೆ ಮೈಯ ಮೇಲೇ ಟಾರ್ಪಾಲು ಮುಚ್ಚಿಬಿಡುವುದು. ಹೀಗೆ ವರ್ಷಕ್ಕೆ ಒಂದು ಅಡಿ ಓಡುತ್ತಿದ್ದ ಜೀಪು ಅದು. ಕಡೆಕಡೆಗೆ ಎಷ್ಟು ದಬ್ಬಿದರೂ ಅಲುಗುತ್ತಿರಲಿಲ್ಲ. ನಿಂಬೆಹಣ್ಣನ್ನು ಅತ್ತೆ ಕಲ್ಲಿನಿಂದ ಜಜ್ಜಿ ಟೈರಿಗೆ ಒರೆಸುತ್ತಿದ್ದರು.

ಆ ವರ್ಷದ ಬೇಸಿಗೆಯಲ್ಲಿ ಮಾವನಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಹೋಯಿತು. ಬಾಯಿ ಒಂದು ಕಡೆಗೆ ಎಳೆದುಕೊಂಡು ಮಾತು ಕಲಸಿಹೋಯಿತು. ಆಸ್ಪತ್ರೆಯಿಂದ ಬಂದ ಹೊಸತರಲ್ಲಿ ನೋಡಲು ಬಂದ ಯಾರೋ, "ಏನಂತಾರೆ ಇವ್ರು, ಒಂದೂ ತಿಳಿಯಲ್ವಲ್ಲ" ಎಂದು ಅವರೆದುರಿಗೇ ಅತ್ತೆಯನ್ನು ಕೇಳಿದರಂತೆ. ಅಲ್ಲಿಗೆ ಮಾವ ಬಾಯಿ ಮುಚ್ಚಿದರು. ಡಾಕ್ಟರು ಮಾತಾಡಿಸಿ, ಮಾತಾಡಿದಷ್ಟೂ ತಿರುಗುತ್ತೆ, ನಡೆಸಿ ಎಂದು ಹೇಳಿ ಹೇಳಿ ಸೋತರು. ಜೀಪಿನ ಮೇಲೆ ಕೂತು ಅರ್ಧ ಊರಿಗೆ ಕೇಳುವಂತೆ ಕೂಗುತ್ತಿದ್ದ ಮನುಷ್ಯ ಗೋಡೆ ಕಡೆ ಮುಖ ಮಾಡಿ ಕುರ್ಚಿಯಲ್ಲಿ ಕೂತುಬಿಟ್ಟರು. ಅನ್ನ ಬೇಕಾದರೂ ಮಾತಿಲ್ಲ, ನೀರು ಬೇಕಾದರೂ ಇಲ್ಲ. ಅತ್ತೆ ದಿನಾ ಬೆಳಿಗ್ಗೆ ಹರಳೆಣ್ಣೆ ಬೆಚ್ಚಗೆ ಮಾಡಿಕೊಂಡು ಬಂದು, ಸೋತ ಕೈಕಾಲಿಗೆ ತಿಕ್ಕುತ್ತಾ ಊರಿನ ಸುದ್ದಿಯನ್ನೆಲ್ಲ ಒಬ್ಬರೇ ಹೇಳುತ್ತಿದ್ದರು. ಉತ್ತರವನ್ನೂ ಅವರೇ ಕೊಟ್ಟುಕೊಳ್ಳುತ್ತಿದ್ದರು.

ಅವರ ಮಗ ಮಂಜುನಾಥ ಕೆಟ್ಟವನಲ್ಲ. ಲೆಕ್ಕಾಚಾರದವನು, ಅಷ್ಟೇ. ಅಂಗಳದಲ್ಲಿ ಇನ್ನೆರಡು ಬಾಡಿಗೆ ಮನೆ ಎಬ್ಬಿಸಬೇಕೆಂದು ಅವನ ಆಸೆ. ಜೀಪು ಅಡ್ಡ. ಶ್ರಾವಣ ಕಳೆದ ಮೇಲೆ ಒಂದು ಸಂಜೆ ಗುಜರಿಯವನನ್ನು ಕರೆದುಕೊಂಡು ಬಂದ. ನಾನೂ ಅಲ್ಲೇ ಇದ್ದೆ. ಗುಜರಿಯವನು ಟಾರ್ಪಾಲು ಎತ್ತಿ, ಬಾನೆಟ್ಟಿನ ಮೇಲೆ ಎರಡು ಸಲ ತಟ್ಟಿ, ತಗಡು ಎಷ್ಟು ದಪ್ಪವಿದೆ ಎಂದು ನೋಡಿದ. ಒಳಗಿಂದ ದಡ್ ಎಂದು ಸದ್ದಾಯಿತು. ಓಡಿ ಹೋಗಿ ನೋಡಿದರೆ ಮಾವನ ಕುರ್ಚಿ ಅರ್ಧ ತಿರುಗಿದೆ. ಬಲಗೈಯಲ್ಲಿ ಊರುಗೋಲು ಹಿಡಿದು ಕಿಟಕಿಯ ಸರಳಿಗೆ ಬಡಿಯುತ್ತಿದ್ದಾರೆ. ಬಾಯಿ ಮುಚ್ಚಿಯೇ ಇದೆ, ಕಣ್ಣು ಮಾತ್ರ ಜೀಪಿನ ಮೇಲೆ.

ಆ ಕುರ್ಚಿ ಅಷ್ಟು ತಿಂಗಳಲ್ಲಿ ಮೊದಲ ಸಲ ಗೋಡೆಯಿಂದ ಈಚೆಗೆ ತಿರುಗಿತ್ತು. ನನಗೆ ಅಷ್ಟೇ ಸಾಕಾಯಿತು. ಮಂಜನ ಮೇಲೆ ಹರಿಹಾಯ್ದೆ. ಅವನೂ ಬಿಡಲಿಲ್ಲ.

"ಭಾವ, ಸೆಂಟಿಮೆಂಟ್ ಮಾತಾಡ್ಬೇಡಿ. ಅಲ್ಲಿ ಹಾವು ಸೇರ್ಕೊಂಡ್ರೆ ನೀವ್ ಬರ್ತೀರಾ ಹಿಡಿಯೋಕೆ? ಓಡೋ ಗಾಡಿ ಆದ್ರೆ ಇರ್ಲಿ, ನಾನ್ ಬೇಡ ಅನ್ನಲ್ಲ. ಆಯುಧ ಪೂಜೆ ದಿನ ಅದು ತಾನಾಗೇ ಗೇಟ್ ದಾಟಿ, ಮೇನ್ ರೋಡ್ ಮುಟ್ಟಿ ವಾಪಸ್ ಬರ್ಲಿ. ಬಂದ್ರೆ ಅದರ ತಂಟೆಗೆ ಹೋಗಲ್ಲ. ಇಲ್ಲಾಂದ್ರೆ ಮಾರನೇ ದಿನ ಗುಜರಿಗೆ."

"ಆಯ್ತು ಬಿಡು, ಬರುತ್ತೆ" ಎಂದುಬಿಟ್ಟೆ. ಹೇಗೆ ಬರುತ್ತದೆಂದು ನನಗೇನು ಗೊತ್ತು?

ಬಿನ್ನಿಪೇಟೆಯಿಂದ ಅಸ್ಲಂ ಭಾಯ್‌ನನ್ನು ಕರೆತಂದೆ. ಹಳೆಯ ಜೀಪುಗಳ ಮೆಕ್ಯಾನಿಕ್. ಸ್ಕೂಟರಿನ ಮುಂದೆ ಪಾನಾ ಪೆಟ್ಟಿಗೆ ಇಟ್ಟುಕೊಂಡು ಬರುವವನು, ಬಾಯಿಗೆ ಬಿಡುವೆಂಬುದೇ ಇಲ್ಲ. ಎಂಜಿನ್ನಿನ ವಿಷಯ ನಾವು ಹೆದರಿದಷ್ಟು ಕೆಟ್ಟಿರಲಿಲ್ಲ. ಹೊಸ ಬ್ಯಾಟರಿ, ಡೀಸೆಲ್ ಟ್ಯಾಂಕಿನ ತೊಳೆತ, ಪಂಪಿನ ಕೆಲಸ ಎಲ್ಲ ಆಗಿ ಒಂದು ದಿನ ಜೀಪು ಕೆಮ್ಮಿ, ಕರಿ ಹೊಗೆ ಉಗುಳಿ, ಗಡಗಡ ಎಂದಿತು. ನಾನು ಕುಣಿದಾಡಿದೆ. ಅಸ್ಲಂ ಭಾಯ್ ಕೈ ಒರೆಸಿಕೊಳ್ಳುತ್ತಾ, "ಮೇಷ್ಟ್ರೇ, ಗಾಡಿ ಓಡೋದು ದೊಡ್ಡ ವಿಷ್ಯ ಅಲ್ಲ. ನಿಲ್ಲೋದು ದೊಡ್ಡ ವಿಷ್ಯ. ಟೈರ್ ನೋಡಿ, ಬ್ರೇಕ್ ನೋಡಿ. ಆಮೇಲೆ ಡ್ಯಾನ್ಸ್ ಮಾಡಿ" ಎಂದ.

ಟೈರಿನ ಮೇಲಿನ ಗೀರುಗಳೆಲ್ಲ ಆಳವಾಗಿಯೇ ಇದ್ದವು. ಇವನ್ನೇ ಇಟ್ಟುಕೊಳ್ಳಬಹುದಲ್ಲ ಎಂದು ನಾನು ವಾದಿಸಿದೆ. ಅವನು ಟೈರಿನ ಪಕ್ಕಕ್ಕೆ ಹೆಬ್ಬೆರಳು ಒತ್ತಿದ. ರಬ್ಬರು ಉಗುರು ಹೋಗುವಷ್ಟು ಬಿರಿಯಿತು. "ಓಡಿ ಸವೆದ ಟೈರಿಗೆ ಇನ್ನೂ ಸ್ವಲ್ಪ ಜೀವ ಇರ್ತದೆ ಮೇಷ್ಟ್ರೇ. ಇದು ನಿಂತು ನಿಂತು ಸತ್ತಿರೋದು. ಇದನ್ನ ನಂಬ್ಕೊಂಡು ಯಾರನ್ನೂ ಕೂರಿಸ್ಬೇಡಿ." ಮಾವನ ಕುರ್ಚಿಯನ್ನು ಅತ್ತೆ ಆಗಲೇ ಜಗಲಿಗೆ ತಂದು ಹಾಕಿದ್ದರು. ಅವರು ಅದನ್ನು ಕೇಳಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ. ಬಲಗೈಯಿಂದ ಎಡ ಮೊಣಕಾಲನ್ನು ಸವರಿಕೊಂಡರು.

ಮಾರನೆಯ ದಿನ ಶಾಲೆಗೆ ರಜೆ. ಅಸ್ಲಂ ಬರುವಷ್ಟರಲ್ಲಿ ಚಕ್ರ ಬಿಚ್ಚಿ ಮೆಚ್ಚುಗೆ ಗಳಿಸೋಣವೆಂದು ನಾನೇ ಶುರುಮಾಡಿದೆ. ಮಳೆಗೆ ನೆಲ ನೆನೆದು ಜಾಕು ಕೆಸರಿಗೆ ಇಳಿಯುತ್ತಿತ್ತು. ಅತ್ತೆ ಬಟ್ಟೆ ಒಗೆಯುವ ಹಳೆಯ ಕಲ್ಲನ್ನು ತೋರಿಸಿದರು. ಅದನ್ನು ಉರುಳಿಸಿ ತಂದು ಅದರ ಮೇಲೆ ಜಾಕು ನಿಲ್ಲಿಸಿದೆವು. ಬಲಗಡೆಯ ನಟ್ಟುಗಳು ಕಿರುಗುಟ್ಟುತ್ತಾ ಬಿಟ್ಟವು. ಎಡಗಡೆಯವು ಜಪ್ಪಯ್ಯ ಎಂದರೂ ಬಿಡಲಿಲ್ಲ. ಪಾನಾಕ್ಕೆ ಕಬ್ಬಿಣದ ಪೈಪು ತೂರಿಸಿ, ಅದರ ಮೇಲೆ ಹತ್ತಿ ನಿಂತೆ. ಡ್ರಿಲ್ ಮೇಷ್ಟ್ರ ದೇಹ, ಸಣ್ಣದೇನಲ್ಲ. ನಟ್ಟು ಇನ್ನಷ್ಟು ಬಿಗಿಯಾಯಿತು. ಬೆವರು ಕಣ್ಣಿಗಿಳಿಯುತ್ತಿತ್ತು.

ಟಕ್ ಟಕ್ ಟಕ್. ಜಗಲಿಯಿಂದ ಊರುಗೋಲಿನ ಸದ್ದು. ತಿರುಗಿ ನೋಡಿದರೆ ಮಾವ ಬಲಗೈ ತೋರುಬೆರಳನ್ನು ಗಾಳಿಯಲ್ಲಿ ಸುತ್ತುತ್ತಿದ್ದಾರೆ. ನಾನು ತಿರುಗಿಸುತ್ತಿದ್ದ ದಿಕ್ಕಿಗಲ್ಲ, ಅದರ ವಿರುದ್ಧಕ್ಕೆ. ಆ ಕಾಲದ ಜೀಪುಗಳಲ್ಲಿ ಎಡಗಡೆಯ ಚಕ್ರದ ನಟ್ಟುಗಳು ಉಲ್ಟಾ ತಿರುಗಿಸಿದರೆ ಮಾತ್ರ ಬಿಚ್ಚುತ್ತವಂತೆ. ಓಡುವಾಗ ಸಡಿಲವಾಗದಿರಲೆಂದು ಹಾಗೆ ಮಾಡಿರುತ್ತಾರೆ. ಅದನ್ನು ಯಾವತ್ತೋ ಅವರೇ ನನಗೆ ಹೇಳಿಕೊಟ್ಟಿದ್ದರು, ನಾನೇ ಮರೆತಿದ್ದೆ. ಉಲ್ಟಾ ತಿರುಗಿಸಿದೆ. ಕಟಕ್ ಎಂದು ಬಿಟ್ಟಿತು. ಮಾವನ ಮುಖದಲ್ಲಿ ಬೈಗುಳವೊಂದು ತುಟಿಯವರೆಗೆ ಬಂದು ನಿಂತದ್ದು ನನಗೆ ಸ್ಪಷ್ಟವಾಗಿ ಕಂಡಿತು. ಬೈಯಲಿ ಎಂದು ಕಾದೆ. ಬೈಯಲಿಲ್ಲ.

ಚಕ್ರದ ಹಿಂದಿನ ಬ್ರೇಕ್ ಡ್ರಮ್ಮುಗಳು ಅದಕ್ಕಿಂತ ಮೊಂಡು. ಒಳಗೆ, ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸಬೇಕಾದ ಬ್ರೇಕ್ ಶೂಗಳು ತುಕ್ಕಿನಲ್ಲಿ ಡ್ರಮ್ಮಿಗೆ ಅಂಟಿ ಒಂದಾಗಿದ್ದವು. ಅಸ್ಲಂ ಡೀಸೆಲ್ ಬಿಟ್ಟು ನೆನೆಸಿ, ಮರದ ತುಂಡಿಟ್ಟು ಸುತ್ತಲೂ ಬಡಿದು ಬಡಿದು ಈಚೆಗೆ ತೆಗೆದ. ಕೆಂಪು ಪುಡಿ ಸುರಿಯಿತು. ಶೂಗಳ ಮೇಲಿನ ಪಟ್ಟಿ ಹಪ್ಪಳದ ಹಾಗೆ ಮುರಿದು ಕೈಗೆ ಬಂತು. ಅವನು ಅದನ್ನು ಎತ್ತಿ ಹಿಡಿದು, ಅತ್ತೆಗೆ ಕೇಳುವಂತೆ ಹೇಳಿದ: "ಅಮ್ಮಾ, ವರ್ಷಾ ವರ್ಷ ಪೂಜೆ ಅಂತ ಇದ್ರೊಳಗೆ ನೀರು ಬಿಟ್ರಲ್ಲ, ಆ ನೀರೇ ತಿಂದಿರೋದು. ಎಣ್ಣೆ ಕಾಣ್ದೆ, ಗ್ರೀಸ್ ಕಾಣ್ದೆ ಎಲ್ಲಾ ಜಾಮ್ ಆಗ್ಬಿಟ್ಟಿದೆ. ಪ್ರೀತಿ ಮಾಡಿ ಮಾಡಿ ಸಾಯಿಸಿದೀರಾ."

ಅವನು ಗ್ರೀಸ್ ಎಂದದ್ದು ಚಕ್ರದ ಬೇರಿಂಗಿಗೆ. ಆದರೆ ಆಡಿದ ಮಾತಿಗೆ ಅಡಿಟಿಪ್ಪಣಿ ಇರುವುದಿಲ್ಲವಲ್ಲ. ಅತ್ತೆಯ ಮುಖ ಸಣ್ಣದಾಯಿತು. ಕಾಫಿ ತರುತ್ತೇನೆಂದು ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ.

ಮುಂದಿನ ದಿನಗಳು ಮಳೆ ಬಿಟ್ಟಾಗ ಕೆಲಸ, ಮಳೆ ಬಂದಾಗ ಟಾರ್ಪಾಲಿನಡಿ ಕಾಫಿ ಎಂದು ಕಳೆದವು. ಜೆ.ಸಿ. ರಸ್ತೆಯ ಗಲ್ಲಿಗಳಲ್ಲಿ ಅಲೆದು ಹೊಸ ಶೂ, ರಬ್ಬರ್ ಪೈಪು, ಚಕ್ರದ ಸಿಲಿಂಡರ್ ತಂದೆವು. ಹೊಸ ಟೈರು ನಾಲ್ಕೂ ಬಂದಿಳಿದಾಗ ಅಂಗಳದ ತುಂಬ ರಬ್ಬರಿನ ವಾಸನೆ. ಹಳೆಯ ಟೈರುಗಳನ್ನು ಅತ್ತೆ ಗುಜರಿಗೆ ಕೊಡಲಿಲ್ಲ. ನೀರು ನಿಂತು ಸೊಳ್ಳೆ ಆಗುತ್ತದೆಂದು ಮಂಜ ಗೊಣಗಿದ್ದಕ್ಕೆ, ಅವುಗಳಿಗೆ ಮಣ್ಣು ತುಂಬಿ ಬಸಳೆ ನೆಟ್ಟರು.

ಬ್ರೇಕಿನ ಗಾಳಿ ತೆಗೆಯುವ ದಿನ ನಾನು ಶಾಲೆಯಿಂದ ಬರುವುದು ತಡವಾಯಿತು. ಅದಕ್ಕೆ ಇಬ್ಬರು ಬೇಕು. ಒಬ್ಬರು ಮೇಲೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಮಲಗಿ ಚಕ್ರದ ಹತ್ತಿರ ಸಣ್ಣ ನಟ್ಟು ಸಡಿಲಿಸಿ ಗಾಳಿಯ ಗುಳ್ಳೆ ಹೊರಗೆ ಬಿಡಬೇಕು. ನಾನು ಬಂದಾಗ ಕಂಡದ್ದನ್ನು ಈಗಲೂ ನಂಬಲಾಗುವುದಿಲ್ಲ. ಮಾವ ಡ್ರೈವರ್ ಸೀಟಿನಲ್ಲಿದ್ದಾರೆ! ಅಸ್ಲಮನೂ ಅತ್ತೆಯೂ ಸೇರಿ ಹತ್ತಿಸಿದ್ದರಂತೆ. ಎಡಗಾಲು ಸುಮ್ಮನೆ ಬಿದ್ದಿದೆ, ಬಲಗಾಲು ಬ್ರೇಕ್ ಪೆಡಲಿನ ಮೇಲಿದೆ. ಅಡಿಯಿಂದ ಅಸ್ಲಂ, "ಒತ್ತಿ ಕೆಂಪಣ್ಣೋರೆ... ಹಿಡ್ಕೊಂಡ್ರಾ?" ಎನ್ನುತ್ತಾನೆ. ಮಾವ ಊರುಗೋಲಿನಿಂದ ಜೀಪಿನ ತಳಕ್ಕೆ ಒಮ್ಮೆ ಟಕ್ ಎನ್ನಿಸುತ್ತಾರೆ. "ಹಾಂ, ಬಿಡಿ." ಮತ್ತೆ "ಒತ್ತಿ." ಮತ್ತೆ ಟಕ್. ಇಬ್ಬರೂ ಹುಟ್ಟಿದಾಗಿನಿಂದ ಇದೇ ಕೆಲಸ ಮಾಡಿಕೊಂಡು ಬಂದವರಂತಿದ್ದರು. ಮಹಡಿಯ ಮೇಲಿನಿಂದ ಮಂಜ ಫೋನು ಕಿವಿಗಿಟ್ಟುಕೊಂಡು ನಿಂತಿದ್ದ. ಮಾತಾಡುತ್ತಿರಲಿಲ್ಲ, ನೋಡುತ್ತಿದ್ದ.

ಅಂಗಳದಲ್ಲೇ ಹಿಂದೆ ಮುಂದೆ ಓಡಿಸಿ ನೋಡಿದೆವು. ಪೆಡಲ್ ಮುಟ್ಟಿದರೆ ಸಾಕು, ಜೀಪು ಕಟ್ಟಿಹಾಕಿದಂತೆ ನಿಲ್ಲುತ್ತಿತ್ತು. ರಸ್ತೆಗೆ ಇಳಿಸೋಣವೆಂದರೆ ಬೀದಿಯಲ್ಲಿ ಚರಂಡಿ ಪೈಪಿಗೆಂದು ಅಗೆದು ಹಾಕಿದ್ದರು. ಮಳೆ ಬೇರೆ ಹಿಡಿದುಕೊಂಡಿತು. ಹಬ್ಬದವರೆಗೆ ಜೀಪು ಮರದಡಿಯೇ ಕಾಯಬೇಕಾಯಿತು. ಆ ದಿನಗಳಲ್ಲಿ ಒಂದು ಬೆಳಿಗ್ಗೆ ನಾನು ಹೋದಾಗ ಜೀಪಿನ ಮಡ್‌ಗಾರ್ಡಿನ ಮೇಲೆ ಒಳಲೆ ಇತ್ತು. ಎಳೆ ಮಕ್ಕಳಿಗೆ ಹಾಲು, ಔಷಧಿ ಕುಡಿಸುವ ಸಣ್ಣ ಮೂತಿಯ ಬೆಳ್ಳಿ ಒಳಲೆ. ಮಂಜ ಅದರಲ್ಲೇ ಹಾಲು ಕುಡಿದು ಬೆಳೆದವನು. ತೊಳೆದು ಒಣಗಲು ಇಟ್ಟಿರಬೇಕೆಂದುಕೊಂಡು, ಹೋಗಿ ಅಡುಗೆಮನೆಯಲ್ಲಿಟ್ಟೆ.

ಹಬ್ಬದ ಹಿಂದಿನ ದಿನ ಬೀದಿ ಮುಚ್ಚಿದರು. ಬಿಸಿಲೂ ಬಂತು. ನಾಳೆಯ ಪರೀಕ್ಷೆಗೆ ಮುಂಚೆ ಒಂದು ಸುತ್ತು ಹೋಗಿಬರೋಣವೆಂದು ಜೀಪು ತೆಗೆದೆ. ಮಾವ ಊರುಗೋಲು ಊರಿಕೊಂಡು, ಕಾಲೆಳೆಯುತ್ತಾ ತಾವೇ ಬಂದು ಎಡಗಡೆಯ ಸೀಟಿನ ಹತ್ತಿರ ನಿಂತರು. ಕೇಳುವುದೇನಿದೆ? ಹತ್ತಿಸಿಕೊಂಡೆ. ಅತ್ತೆ ಗೇಟು ತೆರೆದರು. ಮಂಜನೂ ಬಂದು ಗೇಟಿಗೆ ಒರಗಿ ನಿಂತ.

ಅವರ ಮನೆಯಿಂದ ಮುಖ್ಯ ರಸ್ತೆಗೆ ಒಂದೇ ಇಳಿಜಾರು. ಕೆಳಗೆ ಮೂಲೆಯಲ್ಲಿ ಒಬ್ಬಾಕೆ ಹಬ್ಬಕ್ಕೆಂದು ಬೂದುಗುಂಬಳ ರಾಶಿ ಹಾಕಿಕೊಂಡು ಕೂತಿದ್ದರು. ಅದರಾಚೆಗೆ ಬಸ್ಸು, ಲಾರಿ, ಮಾಗಡಿ ರಸ್ತೆಯ ನಿಲ್ಲದ ಹರಿವು. ಮೂರನೇ ಗೇರಿನಲ್ಲಿ ಅರ್ಧ ಇಳಿಜಾರಿಗೆ ಬಂದು, ಮೆಲ್ಲಗೆ ಬ್ರೇಕ್ ಒತ್ತಿದೆ. ಪೆಡಲ್ ಗಟ್ಟಿಯಾಗಿಯೇ ಸಿಕ್ಕಿತು. ಜೀಪು ಮಾತ್ರ ಕೇಳಲಿಲ್ಲ. ಜೋರಾಗಿ ಒತ್ತಿದೆ. ಎದ್ದು ನಿಂತು ಒತ್ತಿದೆ. ಜೀಪು ಬೆಣ್ಣೆಯ ಮೇಲೆ ಜಾರಿದಂತೆ ಹೋಗುತ್ತಲೇ ಇತ್ತು. ಹಾರ್ನ್ ಎಲ್ಲಿದೆ, ಗೇರ್ ಎಲ್ಲಿದೆ, ಒಂದೂ ಹೊಳೆಯಲಿಲ್ಲ. ಎದುರಿಗೆ ಒಂದು ಬಸ್ಸು ಅಡ್ಡ ಹಾಯ್ದು ಹೋದದ್ದು ಕಂಡಿತು. ಪಕ್ಕದಲ್ಲಿರುವುದು ಮಾವ, ಈ ಮನುಷ್ಯನನ್ನು ನಾನೇ ಕರೆತಂದು ಕೊಲ್ಲುತ್ತಿದ್ದೇನೆ ಎಂಬುದೊಂದೇ ತಲೆಯಲ್ಲಿತ್ತು.

"ಗೇರಿಳ್ಸೋ, ಮುಂಡೇದೇ!"

ಸೊಟ್ಟ ಬಾಯಿಯಿಂದ, ಉಗುಳಿನ ಸಮೇತ ಬಂದ ಮಾತು. ಒಂದಕ್ಷರವೂ ತಪ್ಪದೆ ನನಗೆ ಅರ್ಥವಾಯಿತು. ಕೈ ತಾನಾಗಿಯೇ ಗೇರನ್ನು ಎರಡಕ್ಕೆ ಎಳೆಯಿತು. ಎಂಜಿನ್ನು ಅರಚಿಕೊಂಡು ಜೀಪಿನ ವೇಗ ಮುರಿಯಿತು. ಅಷ್ಟರಲ್ಲಿ ಮಾವ ಬಲಗೈಯನ್ನು ನಡುವಿಗೆ ಚಾಚಿ ಕೈ ಬ್ರೇಕನ್ನು ಎರಡು ಹಂತದಲ್ಲಿ, ಹದವಾಗಿ, ಮೇಲಕ್ಕೆಳೆದರು. ಜೀಪು ಮುಗ್ಗರಿಸಿ, ಕುಂಬಳದ ರಾಶಿಯ ಅಂಚಿನ ಒಂದು ಕಾಯನ್ನು ಮುಟ್ಟಿ ಉರುಳಿಸಿ ನಿಂತಿತು.

ಕಾಯಿ ಮಾರುವಾಕೆ ಸೊಂಟದ ಮೇಲೆ ಕೈಯಿಟ್ಟು ಎದ್ದು ನಿಂತರು. "ಏನ್ ಸಾರ್ ನೀವು? ಕುಂಬಳಕಾಯಿ ಒಡೆಯೋದು ನಾಳೆ, ಇವತ್ತಲ್ಲ!"

ನಗುವೂ ಅಳುವೂ ಒಟ್ಟಿಗೇ ಬಂತು. ಮಾವನ ಕಡೆ ನೋಡಿದೆ. ಅವರು ಮತ್ತೆ ಬಾಯಿ ಮುಚ್ಚಿಕೊಂಡು ನೇರ ಮುಂದಕ್ಕೆ ನೋಡುತ್ತಿದ್ದರು. ಆದರೆ ಕಿವಿಯವರೆಗೆ ಕೆಂಪಾಗಿದ್ದರು.

ಮೊದಲನೇ ಗೇರಿನಲ್ಲಿ ಹೇಗೋ ತಿರುಗಿಸಿಕೊಂಡು ಮನೆ ಸೇರಿದೆವು. ಮಂಜ ಇಳಿಜಾರಿನುದ್ದಕ್ಕೂ ಓಡಿ ಬಂದು, ಜೀಪಿನ ಜೊತೆಯಲ್ಲೇ ಮೇಲೆ ಬಂದಿದ್ದ. ಅವನ ಮುಖದಲ್ಲಿ ರಕ್ತವಿರಲಿಲ್ಲ. "ಸಾಕು ಭಾವ. ಮುಗೀತು ಇದು. ಅಪ್ಪಂಗೇನಾದ್ರೂ ಆಗಿದ್ರೆ? ನಾಡಿದ್ದು ಗುಜರಿಯವನು ಬರ್ತಾನೆ" ಎಂದ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಅಸ್ಲಂ ಭಾಯ್ ಕರೆದ ತಕ್ಷಣ ಬಂದ. ಕೆಂಡಾಮಂಡಲವಾಗಿದ್ದ. "ನನ್ ಬ್ರೇಕ್ ಫೇಲಾ? ಅಲ್ಲಾ ಕಸಂ ಮೇಷ್ಟ್ರೇ, ನೀವೇ ಏನೋ ಮಾಡಿದೀರಾ" ಎಂದು ನನ್ನ ಮೇಲೇ ಏರಿ ಬಂದ. ಆಮೇಲೆ ಅವನಿಗೇ ಅನುಮಾನ ಬಂತು. ಶೂ ಮಾರಿದವನು ಮೋಸ ಮಾಡಿರಬೇಕು ಎಂದ. ಸಿಲಿಂಡರ್ ಸೋರಿರಬೇಕು, ತನ್ನ ಕೈಯಲ್ಲೇ ತಪ್ಪಾಗಿರಬೇಕು ಎಂದು ಗೊಣಗುತ್ತಾ ಮುಂದಿನ ಡ್ರಮ್ಮು ಬಿಚ್ಚಿದ. ಹೊಸ ಶೂಗಳು ಥಳಥಳ ಹೊಳೆಯುತ್ತಿದ್ದವು. ಬೆರಳಿನಿಂದ ಒರೆಸಿ ನೋಡಿದ. ಅಂಟು ಅಂಟು. ಮೂಸಿದ. "ಯೇ ಬ್ರೇಕ್ ಆಯಿಲ್ ನಹೀ" ಎಂದು ಬೆರಳನ್ನು ನನ್ನ ಮೂಗಿನ ಹತ್ತಿರ ತಂದ.

ಹರಳೆಣ್ಣೆ.

ಎರಡನೇ ಚಕ್ರದಲ್ಲೂ ಅದೇ. ನಾಲ್ಕಕ್ಕೂ ಅದೇ. ಒಣಗಿರಬೇಕಾದ ಶೂಗಳು ಎಣ್ಣೆಗೆ ಜಾರಿ ಡ್ರಮ್ಮನ್ನು ಹಿಡಿದೇ ಇರಲಿಲ್ಲ. ಚಕ್ರದ ಹಿಂದೆ ಸಣ್ಣ ಕಿಂಡಿಯೊಂದಿರುತ್ತದೆ, ಶೂಗಳನ್ನು ಬಿಗಿ ಮಾಡಲು ಸ್ಕ್ರೂಡ್ರೈವರ್ ತೂರಿಸುವುದಕ್ಕೆ. ಕಿಂಡಿಯ ಬಾಯಿಯಿಂದ ಕೆಳಗೆ ಎಣ್ಣೆಯ ಧಾರೆ ಒಣಗಿ ಗೆರೆಯಾಗಿತ್ತು. ಕೈ ಬ್ರೇಕು ಮಾತ್ರ ಚಕ್ರಗಳನ್ನು ಹಿಡಿಯುವಂಥದ್ದಲ್ಲ. ಹೊಟ್ಟೆಯ ಕೆಳಗೆ ಹಿಂದಕ್ಕೆ ಹೋಗುವ ಶಾಫ್ಟನ್ನು ಹಿಡಿಯುತ್ತದೆ. ಅಲ್ಲಿಗೆ ಎಣ್ಣೆ ತಲುಪಿರಲಿಲ್ಲ, ನಾವು ಬದುಕಿದೆವು.

"ಯಾರು ಹಾಕಿದ್ದು ಇದನ್ನ?" ಮಂಜ ಕೂಗಿದ. "ಯಾರೋ ಬೇಕೂಂತ್ಲೇ ಮಾಡಿರೋದು! ಇಬ್ರು ಸಾಯ್ತಿದ್ರಲ್ಲ!"

ಅತ್ತೆ ತುಳಸಿ ಕಟ್ಟೆಯ ಹತ್ತಿರ ನಿಂತಿದ್ದರು. ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಹಗ್ಗ ಮಾಡಿದ್ದರು. ನನಗೆ ಒಳಲೆ ನೆನಪಾಯಿತು. ಎಲ್ಲ ಒಂದೇ ಸಲಕ್ಕೆ ಅರ್ಥವಾಯಿತು. ದಿನಾ ಬೆಳಿಗ್ಗೆ ಮಾವನ ಕೈಕಾಲಿಗೆ ತಿಕ್ಕಿ ಉಳಿದ ಬೆಚ್ಚನೆಯ ಎಣ್ಣೆಯನ್ನು, ಮಂಡಿ ನೋವಿನ ಆ ಹೆಂಗಸು ಮಣೆ ಹಾಕಿಕೊಂಡು ಕೂತು, ನಾಲ್ಕು ಚಕ್ರಕ್ಕೂ ಒಳಲೆಯಲ್ಲಿ ಕುಡಿಸಿದ್ದಾರೆ. ನೀರು ಬಿಟ್ಟು ಕೊಂದೆನೆಂದು ಕೇಳಿಸಿಕೊಂಡ ಮೇಲೆ ಎಣ್ಣೆ ಬಿಟ್ಟು ಉಳಿಸಲು ಹೊರಟಿದ್ದಾರೆ. ಇಬ್ಬರಿಗೂ ಒಂದೇ ಕಾಯಿಲೆ, ಒಂದೇ ಮದ್ದು ಎಂದುಕೊಂಡಿದ್ದಾರೆ. ಅವರ ಲೆಕ್ಕದಲ್ಲಿ ತಪ್ಪೇನಿತ್ತು? ಹೇಳಬೇಕೋ ಬೇಡವೋ ತಿಳಿಯದೆ ನಿಂತೆ. ಅಸ್ಲಮನಿಗೂ ತಿಳಿದಿತ್ತು. ಅವನು ಬಾಗಿ ಡ್ರಮ್ಮು ಒರೆಸುತ್ತಲೇ ಇದ್ದ, ತಲೆಯೆತ್ತಲಿಲ್ಲ.

ಅತ್ತೆಯ ತುಟಿ ಅಲುಗಿತು. ಅಷ್ಟರಲ್ಲಿ ಜಗಲಿಯಿಂದ ಮಾತು ಬಂತು.

"ನಾನೇ... ಹೇಳ್ದೆ."

ಎಲ್ಲರೂ ತಿರುಗಿದೆವು. ಮಾವ ಊರುಗೋಲು ಹಿಡಿದು ಕುರ್ಚಿಯಿಂದ ಎದ್ದು ನಿಂತಿದ್ದರು. ಒಂದೊಂದು ಮಾತನ್ನೂ ಭಾರದ ಮೂಟೆ ಎತ್ತಿದ ಹಾಗೆ ಎತ್ತಿ ಇಟ್ಟರು. "ಎಣ್ಣೆ... ಬಿಡು ಅಂತ. ಅವ್ಳಿಗೆ... ನಾನೇ ಹೇಳ್ದೆ. ಬೈಯ್ಬೇಡ."

ಬೇಸಿಗೆಯಿಂದ ಆ ಮನುಷ್ಯ ಹೆಂಡತಿಗೆ ನೀರು ಕೊಡು ಎಂದೂ ಹೇಳಿದವರಲ್ಲ. ಅದು ನಮಗೆ ಗೊತ್ತು, ಮಂಜನಿಗೆ ನಮಗಿಂತ ಚೆನ್ನಾಗಿ ಗೊತ್ತು. ಅವನು ಅಪ್ಪನ ಬಾಯನ್ನೇ ನೋಡುತ್ತಾ ನಿಂತ. ಆಮೇಲೆ ಅಮ್ಮನ ಕಡೆ ನೋಡಿದ. ಕೋಪ ಎಲ್ಲಿಗೆ ಹೋಯಿತೋ. ಅಂಗಿ ತೋಳಿನಿಂದ ಮುಖ ಒರೆಸಿಕೊಂಡು, "ನೀನ್ ಹೇಳಿದ್ಮೇಲೆ ಆಯ್ತು ಬಿಡಪ್ಪ" ಎಂದ. ಜೀಪಿನ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, "ಅಸ್ಲಂ ಭಾಯ್, ಬೇರೆ ಶೂ ಎಲ್ಲಿ ಸಿಗುತ್ತೆ? ನಡೀರಿ, ನಾನೇ ಬೈಕಲ್ಲಿ ಕರ್ಕೊಂಡ್ ಹೋಗ್ತೀನಿ" ಎಂದ.

ಅವರು ಹೋದ ಮೇಲೆ ಅತ್ತೆಯನ್ನು ಹುಡುಕಿಕೊಂಡು ಅಡುಗೆಮನೆಗೆ ಹೋದೆ. ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಿದ್ದರು. ಸಮಾಧಾನ ಮಾಡೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಅವರೇ ನನ್ನ ಕಡೆ ತಿರುಗಿದರು. ನೋಡಿದರೆ ನಗುತ್ತಿದ್ದಾರೆ, ಕಣ್ಣಲ್ಲಿ ನೀರು ಇಳಿಯುತ್ತಲೇ ಇದೆ.

"ಇಷ್ಟ್ ತಿಂಗ್ಳಿಗೆ ಬಾಯಿ ಬಿಟ್ರು ಕಣಪ್ಪ ರಾಜು. ಬಾಯಿ ಬಿಟ್ಟಿದ್ದೂ ಬಿಟ್ರು, ಸುಳ್ ಹೇಳೋಕೆ ಬಿಟ್ರು ನೋಡು!"

ಮಾರನೆಯ ದಿನ ಜೀಪಿಗೆ ನೀರು ಬಿಡಲಿಲ್ಲ. ಒಣ ಬಟ್ಟೆಯಲ್ಲಿ ಒರೆಸಿ, ಹಾರ ಹಾಕಿ, ಮಂಜನೇ ನಿಂಬೆಹಣ್ಣಿಟ್ಟ. ಅಸ್ಲಂ ಭಾಯ್ ಮುಂಜಾನೆಯೇ ಬಂದು ಬ್ರೇಕನ್ನು ಹತ್ತು ಕಡೆಯಿಂದ ಪರೀಕ್ಷೆ ಮಾಡಿ ಸೈ ಎಂದಿದ್ದ. ಮುಂದೆ ಮಾವ, ಹಿಂದೆ ಅತ್ತೆ, ಅವರ ಪಕ್ಕದಲ್ಲಿ ಕರೆಯದೆಯೇ ಹತ್ತಿ ಕೂತ ಮಂಜ. ಹಣ್ಣು ಪಚಕ್ಕೆಂದಿತು. ಗೇಟು ದಾಟಿ ಇಳಿಜಾರಿಗೆ ಬಂದಾಗ, ಕೆಳಗಿನ ಮೂಲೆಯಲ್ಲಿ ಕುಂಬಳಕಾಯಿಯಾಕೆ ನಮ್ಮನ್ನು ಕಂಡವರೇ ಕಾಯಿಗಳನ್ನು ಅವಸರದಲ್ಲಿ ಒಳಕ್ಕೆ ಉರುಳಿಸಿಕೊಳ್ಳತೊಡಗಿದರು. ಬ್ರೇಕ್ ಒತ್ತಿದೆ. ಜೀಪು ಅವರ ರಾಶಿಯಿಂದ ದೂರದಲ್ಲೇ, ಒಳ್ಳೆಯ ಹುಡುಗನಂತೆ ನಿಂತಿತು. ಮುಖ್ಯ ರಸ್ತೆ ಮುಟ್ಟಿ, ತಿರುಗಿಸಿಕೊಂಡು ವಾಪಸು ಬಂದೆವು. ಗುಜರಿಯ ಮಾತನ್ನು ಮಂಜ ಅಂದು ಎತ್ತಲಿಲ್ಲ, ಮತ್ತೆಂದೂ ಎತ್ತಲಿಲ್ಲ. ಬಾಡಿಗೆ ಮನೆ ಎರಡರ ಬದಲು ಒಂದು ಎದ್ದಿದೆ. ಹೊಂಗೆ ಮರ, ಜೀಪು, ಟೈರಿನಲ್ಲಿ ಬಸಳೆ, ಎಲ್ಲ ಈಗಲೂ ಇವೆ.

ಹಬ್ಬದ ಮಾರನೆಯ ಬೆಳಿಗ್ಗೆ ಹೊರಡುವ ಮುಂಚೆ ಹೇಳಿ ಹೋಗೋಣವೆಂದು ಜಗಲಿಗೆ ಬಂದೆ. ಅತ್ತೆ ಎಂದಿನಂತೆ ಬಟ್ಟಲು ಹಿಡಿದು ಕೂತು ಮಾವನ ಎಡಗಾಲಿಗೆ ಹರಳೆಣ್ಣೆ ತಿಕ್ಕುತ್ತಿದ್ದರು. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಧಾರಾಳವಾಗಿ ಸುರಿಯುತ್ತಲೇ ಇದ್ದರು. ಮಾವ ಕಾಲನ್ನು ನೋಡಿದರು, ಅಂಗಳದ ಜೀಪನ್ನು ನೋಡಿದರು, ಆಮೇಲೆ ಹೆಂಡತಿಯನ್ನು ನೋಡಿದರು. ಮಾತು ಕೂಡಿಸಿಕೊಳ್ಳಲು ಅವರಿಗೆ ಬಹಳ ಹೊತ್ತು ಹಿಡಿಯಿತು. ನಾವಿಬ್ಬರೂ ಕಾದೆವು.

"ಸಾಕು... ಕಣೇ. ಆಮೇಲೆ... ನಂಗೂ ಬ್ರೇಕ್ ಹಿಡಿಯಲ್ಲ."